ಹೊಟ್ಟೆಯ ಮಹಾಪಧಮನಿ ಉಬ್ಬಿದಾಗ: ಸ್ಟೆಂಟ್ ಗ್ರಾಫ್ಟ್ ಚಿಕಿತ್ಸೆಗೆ ಮುನ್ನ, ಆಗ ಮತ್ತು ಆಮೇಲೆ

ಪಿತ್ತಕೋಶದ ಕಲ್ಲನ್ನೋ ಪ್ರಾಸ್ಟೇಟ್ ಗ್ರಂಥಿಯನ್ನೋ ನೋಡಲೆಂದು ಮಾಡಿಸಿದ ಅಲ್ಟ್ರಾಸೌಂಡ್ ವರದಿಯ ಮೂಲೆಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಾಲು ಇರುತ್ತದೆ: ಹೊಟ್ಟೆಯ ಮಹಾಪಧಮನಿಯಲ್ಲಿ ಅನ್ಯೂರಿಸಂ, 4.6 ಸೆಂ.ಮೀ. ಬಹುಪಾಲು ಜನರಿಗೆ ಈ ಕಾಯಿಲೆ ಗೊತ್ತಾಗುವುದೇ ಹೀಗೆ, ಆಕಸ್ಮಿಕವಾಗಿ. ನೋವಿಲ್ಲ, ಜ್ವರವಿಲ್ಲ, ಸುಸ್ತೂ ಇಲ್ಲ. ಹಾಗಾಗಿ ಮನೆಯಲ್ಲಿ ಎರಡು ಪಂಗಡಗಳಾಗುತ್ತವೆ. ನಾಳೆಯೇ ಆಪರೇಷನ್ ಆಗಬೇಕೆಂದು ಒಬ್ಬರು ಪಟ್ಟು ಹಿಡಿಯುತ್ತಾರೆ. ಏನೂ ತೊಂದರೆಯಿಲ್ಲದಿರುವಾಗ ಮುಟ್ಟುವುದೇಕೆ ಎಂದು ಇನ್ನೊಬ್ಬರು ವರದಿಯನ್ನು ಬೀರುವಿನೊಳಗೆ ಸೇರಿಸುತ್ತಾರೆ. ಎರಡೂ ತಪ್ಪು.

ಹೃದಯದಿಂದ ಹೊರಟ ಮಹಾಪಧಮನಿ ಎದೆಯನ್ನು ದಾಟಿ, ಹೊಟ್ಟೆಯೊಳಗೆ ಬೆನ್ನುಮೂಳೆಯ ಮುಂದೆಯೇ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳ ಕಡೆಗೆ ಕವಲೊಡೆಯುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎನ್ನುತ್ತಾರೆ, ಅಂದರೆ ಗೋಡೆ ಸೊರಗಿ ಉಬ್ಬಿದ ಜಾಗ. ಉಬ್ಬು ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಒಂದು ದಿನ ಒಡೆಯಬಹುದು. ಒಡೆದವರಲ್ಲಿ ಹೆಚ್ಚಿನವರು ಬದುಕುಳಿಯುವುದಿಲ್ಲ. ಎಷ್ಟೋ ಮಂದಿ ಆಸ್ಪತ್ರೆಯನ್ನೂ ತಲುಪುವುದಿಲ್ಲ. ಆದ್ದರಿಂದ ಒಡೆಯುವ ಮೊದಲೇ, ಆದರೆ ಅನಗತ್ಯವಾಗಿ ಬೇಗನೆ ಅಲ್ಲ, ಸರಿಪಡಿಸಿಕೊಳ್ಳುವುದೇ ಜಾಣತನ.

ತೊಡೆಸಂದಿನ ಸಣ್ಣ ರಂಧ್ರದ ಮೂಲಕ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಜಾಲರಿಯ ಆಧಾರವಿರುವ ಬಟ್ಟೆಯ ಕೊಳವೆ, ಸೇರಿಸಿ ಈ ಉಬ್ಬನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆಗೆ ವೈದ್ಯರು ಈವಾರ್ ಎನ್ನುತ್ತಾರೆ. ಚಿಕಿತ್ಸೆ ಚಿಕ್ಕದು, ಆದರೆ ಅದರ ಜೊತೆಗೆ ಬರುವ ಕರಾರು ಜೀವನಪೂರ್ತಿಯದು. ಆ ಕರಾರನ್ನು ಓದದೆ ಸಹಿ ಹಾಕುವವರೇ ಹೆಚ್ಚು ಎಂಬುದು ನನ್ನ ತಕರಾರು.

ಮೊದಲ ಹೆಜ್ಜೆ: ಅಳತೆಯನ್ನು ಅರ್ಥ ಮಾಡಿಕೊಳ್ಳಿ

ವರದಿಯಲ್ಲಿ ಹುಡುಕಬೇಕಾದದ್ದು ಒಂದೇ ಸಂಖ್ಯೆ: ಉಬ್ಬಿನ ಗರಿಷ್ಠ ಅಗಲ. ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ತಲುಪಿದಾಗ ಚಿಕಿತ್ಸೆಯ ಮಾತು ಗಂಭೀರವಾಗುತ್ತದೆ. ಹೆಂಗಸರಿಗೆ ಮಿತಿ ಕಡಿಮೆ ಇರಲು ಕಾರಣವಿದೆ; ಅವರ ರಕ್ತನಾಳ ಮೂಲತಃ ಸಣ್ಣದು, ಅಷ್ಟೇ ಅಗಲದ ಉಬ್ಬು ಅವರಲ್ಲಿ ಒಡೆಯುವ ಸಾಧ್ಯತೆ ಹೆಚ್ಚು. ಅಗಲ ಮಿತಿಯೊಳಗಿದ್ದರೂ ಆರು ತಿಂಗಳಲ್ಲಿ ಅರ್ಧ ಸೆಂ.ಮೀ. ಅಥವಾ ವರ್ಷದಲ್ಲಿ ಒಂದು ಸೆಂ.ಮೀ. ಬೆಳೆದರೆ ತಜ್ಞರು ತಡ ಮಾಡುವುದಿಲ್ಲ. ಉಬ್ಬಿನಿಂದಲೇ ನೋವು ಬರುತ್ತಿದೆ ಎಂಬ ಅನುಮಾನ ಬಂದರಂತೂ ಅಳತೆಯ ಲೆಕ್ಕಾಚಾರವೇ ಬೇಡ.

5.5 ಎಂಬ ಗೆರೆಯನ್ನು ಯಾರೋ ಅಂದಾಜಿನಲ್ಲಿ ಎಳೆದಿಲ್ಲ. 4ರಿಂದ 5.5 ಸೆಂ.ಮೀ.ವರೆಗಿನ ಉಬ್ಬುಗಳನ್ನು ಕೂಡಲೇ ಆಪರೇಷನ್ ಮಾಡಿದರೆ ಆಯುಸ್ಸು ಹೆಚ್ಚುತ್ತದೆಯೇ ಎಂದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ದೊಡ್ಡ ಪರೀಕ್ಷೆಗಳು ನಡೆದವು. ಫಲಿತಾಂಶ 1998 ಮತ್ತು 2002ರಲ್ಲಿ ಹೊರಬಂತು. ಹೆಚ್ಚುವುದಿಲ್ಲ ಎಂಬುದೇ ಎರಡರ ಉತ್ತರ. ಹಾಗಾಗಿ 4.6 ಸೆಂ.ಮೀ. ಉಬ್ಬಿರುವವರಿಗೆ ‘ಕಾಯೋಣ’ ಎಂದು ಹೇಳುವ ವೈದ್ಯರು ಸೋಮಾರಿಗಳಲ್ಲ. ಅಷ್ಟಕ್ಕೇ ‘ಮುಂದಿನ ವಾರವೇ ಹಾಕಿಬಿಡೋಣ’ ಎನ್ನುವವರು ಸಿಕ್ಕರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕಾಯುವುದು ಎಂದರೆ ಮರೆಯುವುದಲ್ಲ. 3ರಿಂದ 4 ಸೆಂ.ಮೀ. ನಡುವೆ ಮೂರು ವರ್ಷಕ್ಕೊಮ್ಮೆ, 4ರಿಂದ 5ರ ನಡುವೆ ವರ್ಷಕ್ಕೊಮ್ಮೆ, 5 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದು ಒಂದು ಕ್ರಮ; ಇದಕ್ಕಿಂತ ಬಿಗಿಯಾದ ವೇಳಾಪಟ್ಟಿಗಳೂ ಬಳಕೆಯಲ್ಲಿವೆ. ಇಲ್ಲೊಂದು ಎಚ್ಚರ ಬೇಕು. ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಅಳತೆಗಳು ಕೆಲವು ಮಿಲಿಮೀಟರ್ ಬೇರೆಯಾಗಬಹುದು, ಸಿ.ಟಿ. ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ತೋರಿಸುತ್ತದೆ. ಕಳೆದ ಸಲ ಅಲ್ಟ್ರಾಸೌಂಡ್‌ನಲ್ಲಿ 4.8, ಈ ಸಲ ಸಿ.ಟಿ.ಯಲ್ಲಿ 5.2 ಎಂದು ಬಂದರೆ ಉಬ್ಬು ಬೆಳೆದಿದೆ ಎಂದು ಗಾಬರಿಯಾಗುವ ಮೊದಲು ಒಂದೇ ವಿಧಾನದ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಹಳೆಯ ವರದಿಗಳನ್ನು ಎಸೆಯಬೇಡಿ.

ಈ ಅವಧಿಯಲ್ಲಿ ನಿಮ್ಮ ಕೈಯಲ್ಲಿರುವುದು ಏನು? ಧೂಮಪಾನ ಬಿಡುವುದು ಎಲ್ಲಕ್ಕಿಂತ ಮೊದಲು. ಉಬ್ಬು ಬರಲೂ ಬೆಳೆಯಲೂ ಒಡೆಯಲೂ ತಂಬಾಕಿನಷ್ಟು ಸಹಾಯ ಮಾಡುವ ವಸ್ತು ಇನ್ನೊಂದಿಲ್ಲ. ರಕ್ತದೊತ್ತಡ ಹತೋಟಿಯಲ್ಲಿರಲಿ, ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬರೆದುಕೊಟ್ಟರೆ ನಿಲ್ಲಿಸದೆ ತೆಗೆದುಕೊಳ್ಳಿ. ಉಬ್ಬನ್ನು ಕುಗ್ಗಿಸುವ ಮಾತ್ರೆ, ಕಷಾಯ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಹಾಗೆ ಸಾಬೀತಾದ ಔಷಧ ಇಲ್ಲ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಮೊದಲಾದ ಫ್ಲೋರೋಕ್ವಿನೋಲೋನ್ ಗುಂಪಿನ ಪ್ರತಿಜೈವಿಕಗಳನ್ನು, ಬೇರೆ ದಾರಿಯಿಲ್ಲದ ಹೊರತು, ಅನ್ಯೂರಿಸಂ ಇರುವವರಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಮೂತ್ರದ ಸೋಂಕಿಗೆಂದು ಬೇರೆ ವೈದ್ಯರ ಬಳಿ ಹೋದಾಗಲೂ ‘ನನಗೆ ಅನ್ಯೂರಿಸಂ ಇದೆ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಎರಡನೆಯ ಹೆಜ್ಜೆ: ನಿಮ್ಮ ರಕ್ತನಾಳ ಇದಕ್ಕೆ ಒಗ್ಗುತ್ತದೆಯೇ?

ಅಳತೆ ಮಿತಿ ಮುಟ್ಟಿದ ಮೇಲೆ ಸಿ.ಟಿ. ಆಂಜಿಯೋಗ್ರಾಂ ಆಗುತ್ತದೆ. ನಾಳಗಳು ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಚುಚ್ಚಿ, ಮಿಲಿಮೀಟರ್ ದಪ್ಪದ ತೆಳು ಪದರಗಳಲ್ಲಿ ಚಿತ್ರ ತೆಗೆಯುತ್ತಾರೆ. ಆ ದ್ರವ ಮೂತ್ರಪಿಂಡಕ್ಕೆ ಹೊರೆ. ಮುಂಚೆಯೇ ಕ್ರಿಯಾಟಿನಿನ್ ಪರೀಕ್ಷೆ ಆಗಿರಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರೆ, ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿದ್ದರೆ ತಿಳಿಸಿ.

ಈ ಚಿತ್ರದಲ್ಲಿ ತಜ್ಞರು ಉಬ್ಬಿಗಿಂತ ಹೆಚ್ಚಾಗಿ ನೋಡುವುದು ಉಬ್ಬು ಇಲ್ಲದ ಜಾಗವನ್ನು. ಹೊಟ್ಟೆಯ ಅನ್ಯೂರಿಸಂಗಳಲ್ಲಿ ಹೆಚ್ಚಿನವು ಮೂತ್ರಪಿಂಡದ ರಕ್ತನಾಳಗಳಿಗಿಂತ ಕೆಳಗೆ ಶುರುವಾಗುತ್ತವೆ. ಆ ನಾಳಗಳಿಗೂ ಉಬ್ಬಿನ ಆರಂಭಕ್ಕೂ ನಡುವೆ ಉಳಿದ ಆರೋಗ್ಯವಂತ ತುಂಡಿಗೆ ‘ಕುತ್ತಿಗೆ’ ಎಂದು ಹೆಸರು. ಗ್ರಾಫ್ಟ್ ಹಿಡಿತ ಸಾಧಿಸುವುದು ಅಲ್ಲೇ. ಕುತ್ತಿಗೆ ಕನಿಷ್ಠ 10ರಿಂದ 15 ಮಿ.ಮೀ. ಉದ್ದವಿರಬೇಕು, ವಿಪರೀತ ಅಗಲ ಇರಬಾರದು, 60 ಡಿಗ್ರಿಗಿಂತ ಹೆಚ್ಚು ಬಾಗಿರಬಾರದು, ಒಳಗೆ ಹೆಪ್ಪುಗಟ್ಟಿದ ರಕ್ತವೋ ಸುಣ್ಣವೋ ಸುತ್ತ ಮೆತ್ತಿಕೊಂಡಿರಬಾರದು. ನಿಖರ ಮಿತಿಗಳು ಸಾಧನದಿಂದ ಸಾಧನಕ್ಕೆ ಬದಲಾಗುತ್ತವೆ. ಗ್ರಾಫ್ಟನ್ನು ಕುತ್ತಿಗೆಯ ಅಗಲಕ್ಕಿಂತ ಶೇ. 10ರಿಂದ 20ರಷ್ಟು ದೊಡ್ಡದನ್ನೇ ಆರಿಸುತ್ತಾರೆ, ಒತ್ತಿ ಕೂರಲೆಂದು. ಕೆಳಗಡೆ ಇಲಿಯಕ್ ನಾಳಗಳು, ಅಂದರೆ ಮಹಾಪಧಮನಿ ಕಾಲುಗಳ ಕಡೆಗೆ ಒಡೆಯುವ ಎರಡು ಕವಲುಗಳು, ಸಾಧನ ಹಾದುಹೋಗುವಷ್ಟು ಅಗಲವಾಗಿ, ತೀರಾ ತಿರುಚದೆ ಇರಬೇಕು.

ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು: ‘ನನ್ನ ಕುತ್ತಿಗೆಯ ಅಳತೆಗಳು ಈ ಸಾಧನದ ತಯಾರಕರು ಹೇಳಿದ ಮಿತಿಯೊಳಗೆ ಇವೆಯೇ?’ ಮಿತಿ ಮೀರಿದ ಕುತ್ತಿಗೆಗೆ ಹೇಗೋ ಹೊಂದಿಸಿ ಕೂರಿಸಿದ ಗ್ರಾಫ್ಟ್ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ. ಸೋರಿಕೆ, ಜಾರುವಿಕೆ ಎಲ್ಲ ಆಮೇಲೆ. ಕುತ್ತಿಗೆ ತೀರಾ ಗಿಡ್ಡವಾಗಿದ್ದರೆ ಮೂತ್ರಪಿಂಡ, ಕರುಳಿನ ನಾಳಗಳಿಗೆ ಕಿಟಕಿ ಬಿಟ್ಟ ವಿಶೇಷ ಗ್ರಾಫ್ಟ್‌ಗಳಿವೆ. ಅವನ್ನು ಹಲವು ಸಲ ರೋಗಿಯ ಅಳತೆಗೇ ತಯಾರಿಸಬೇಕು, ವಾರಗಟ್ಟಲೆ ಕಾಯಬೇಕು. ಅಂಥ ಕೆಲಸವನ್ನು ಪದೇ ಪದೇ ಮಾಡುವ ಕೇಂದ್ರದಲ್ಲೇ ಮಾಡಿಸಿಕೊಳ್ಳುವುದು ಕ್ಷೇಮ.

ಮೂರನೆಯ ಹೆಜ್ಜೆ: ಹೊಟ್ಟೆ ತೆರೆಯುವುದೋ, ಒಳಗಿನಿಂದ ಮುಚ್ಚುವುದೋ?

ನಿಧಾನವಾಗಿ ಯೋಚಿಸಬೇಕಾದ ಹೆಜ್ಜೆ ಇದು. ಉಬ್ಬಿದ ಭಾಗವನ್ನು ತೆಗೆದು ಬೇರೆ ನಾಳ ಜೋಡಿಸುವ ತೆರೆದ ಶಸ್ತ್ರಚಿಕಿತ್ಸೆಯನ್ನು 1951ರಲ್ಲಿ ಪ್ಯಾರಿಸ್‌ನಲ್ಲಿ ಚಾರ್ಲ್ಸ್ ದ್ಯುಬೋ ಮಾಡಿ ತೋರಿಸಿದರು. ಅದಕ್ಕೂ ಮುಂಚೆ ಉಬ್ಬಿನ ಸುತ್ತ ಸೆಲ್ಲೋಫೇನ್ ಸುತ್ತುತ್ತಿದ್ದ ಕಾಲವಿತ್ತು. ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ 1948ರಲ್ಲಿ ಆದದ್ದು ಅದೇ. 1955ರಲ್ಲಿ ಉಬ್ಬು ಒಡೆದಾಗ ಅವರು ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದರು. ಒಳಗಿನಿಂದ ಗ್ರಾಫ್ಟ್ ಸೇರಿಸುವ ಕೆಲಸವನ್ನು 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊಡೋಸ್ ಎದೆಯ ಮಹಾಪಧಮನಿಯಲ್ಲಿ ಮಾಡಿದರೂ ಹೊರಜಗತ್ತಿಗೆ ಅದು ಬೇಗ ತಿಳಿಯಲಿಲ್ಲ. 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಹೊಟ್ಟೆಯ ಅನ್ಯೂರಿಸಂಗೆ ಇದನ್ನು ಬಳಸಿದ ಮೇಲೆ ವಿಧಾನ ಹಬ್ಬಿತು.

ಎರಡನ್ನೂ ಮುಖಾಮುಖಿ ಹೋಲಿಸಿದ ಬ್ರಿಟನ್ನಿನ ಈವಾರ್-1 ಪರೀಕ್ಷೆಯ ಮೊದಲ ಫಲಿತಾಂಶ 2004ರಲ್ಲಿ ಬಂತು. ಮೂವತ್ತು ದಿನಗಳೊಳಗೆ ಸತ್ತವರು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 4.7, ಸ್ಟೆಂಟ್ ಗ್ರಾಫ್ಟ್‌ನಲ್ಲಿ ಶೇ. 1.7. ನೆದರ್ಲೆಂಡ್ಸ್ ಕೇಂದ್ರಿತ ಡ್ರೀಮ್ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಅಂತರ. ಆಸ್ಪತ್ರೆಯ ಕರಪತ್ರಗಳು ಇಲ್ಲಿಗೆ ನಿಲ್ಲುತ್ತವೆ. ಪರೀಕ್ಷೆ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಎರಡೂ ಗುಂಪುಗಳ ಬದುಕುಳಿಯುವಿಕೆ ಸಮವಾಯಿತು. ಹದಿನೈದು ವರ್ಷಗಳ ಹಿಂಬಾಲಿಕೆಯ ನಂತರ 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಎಂಟು ವರ್ಷ ದಾಟಿದ ಮೇಲೆ ಗ್ರಾಫ್ಟ್ ಹಾಕಿಸಿಕೊಂಡವರಲ್ಲೇ ಸಾವು ಹೆಚ್ಚು. ಮುಚ್ಚಿದ್ದ ಉಬ್ಬು ಮತ್ತೆ ತುಂಬಿಕೊಂಡು ಒಡೆದದ್ದು ಒಂದು ಮುಖ್ಯ ಕಾರಣ. ಡ್ರೀಮ್‌ನಲ್ಲಿ ಆರು ವರ್ಷಗಳಲ್ಲಿ ಮತ್ತೊಂದು ಚಿಕಿತ್ಸೆ ಬೇಕಾದವರು ಗ್ರಾಫ್ಟ್ ಗುಂಪಿನಲ್ಲಿ ಸುಮಾರು ಶೇ. 30, ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಮಾರು ಶೇ. 18. ಅಂದಿನ ಸಾಧನಗಳು ಹಳೆಯವು, ಇಂದಿನವು ಸುಧಾರಿಸಿವೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಆ ವಾದವನ್ನು ನಂಬಿ ತಪಾಸಣೆ ತಪ್ಪಿಸುವಷ್ಟು ಹುರುಳಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಎಂಬತ್ತರ ಹತ್ತಿರದವರಿಗೆ, ಹೃದಯವೋ ಶ್ವಾಸಕೋಶವೋ ದುರ್ಬಲವಾಗಿರುವವರಿಗೆ, ಹಿಂದೆ ಹಲವು ಸಲ ಹೊಟ್ಟೆಯ ಆಪರೇಷನ್ ಆದವರಿಗೆ, ಕುತ್ತಿಗೆ ಚೆನ್ನಾಗಿದ್ದರೆ ಗ್ರಾಫ್ಟ್ ಸಹಜ ಆಯ್ಕೆ. ಅರವತ್ತರ ಆಸುಪಾಸಿನ, ಗಟ್ಟಿಮುಟ್ಟಾದ, ಮುಂದೆ ಇಪ್ಪತ್ತು ವರ್ಷ ಬಾಳುವ ನಿರೀಕ್ಷೆಯಿರುವವರು ತೆರೆದ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳದೆ ಎದ್ದು ಬರಬಾರದು. ಪ್ರತಿವರ್ಷ ಸ್ಕ್ಯಾನ್‌ಗೆ ಬರಲಾರದವರೂ ಅಷ್ಟೇ: ಬರಲಾರೆ ಎಂದು ಗೊತ್ತಿದ್ದರೆ ಅದನ್ನು ಸಂಕೋಚಪಡದೆ ಹೇಳಬೇಕು, ಯಾಕೆಂದರೆ ಆಯ್ಕೆಯೇ ಬದಲಾಗಬಹುದು. ತೆರೆದ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳಲಾರದಷ್ಟು ನಿತ್ರಾಣರಾದವರಿಗೆ ಗ್ರಾಫ್ಟ್ ಹಾಕಿದರೂ ಒಟ್ಟಾರೆ ಆಯುಸ್ಸು ಹೆಚ್ಚಲಿಲ್ಲ ಎಂದು ಈವಾರ್-2 ಪರೀಕ್ಷೆ ತೋರಿಸಿದೆ. ಅಂಥವರಿಗೆ ಏನೂ ಮಾಡದಿರುವುದೂ ಒಂದು ಮರ್ಯಾದೆಯ ಆಯ್ಕೆ. ಮನೆಯವರು ಅದನ್ನು ಕೈಬಿಟ್ಟದ್ದೆಂದು ತಿಳಿಯಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಸಿದ್ಧತೆ

ಇಸಿಜಿ, ಎಕೋ, ರಕ್ತ ಪರೀಕ್ಷೆ, ಅರಿವಳಿಕೆ ತಜ್ಞರ ಭೇಟಿ ವಾಡಿಕೆಯಂತೆ ನಡೆಯುತ್ತವೆ. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಗಳನ್ನು ಯಾವಾಗ ನಿಲ್ಲಿಸಬೇಕೆಂದು ಬರೆಸಿಕೊಳ್ಳಿ, ಸ್ವಂತ ನಿರ್ಧಾರ ಬೇಡ. ಹಲ್ಲು, ಚರ್ಮ, ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದು ವಾಸಿಯಾಗಲಿ. ಗ್ರಾಫ್ಟ್‌ಗೆ ಸೋಂಕು ತಗಲುವುದು ಅಪರೂಪ, ತಗಲಿದರೆ ಬಲು ಕಷ್ಟ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಇನ್ನೊಂದು ವಿಷಯ ಕೇಳಿ: ಸೊಂಟದೊಳಗಿನ ಇಲಿಯಕ್ ನಾಳವನ್ನು ಮುಚ್ಚಬೇಕಾಗುತ್ತದೆಯೇ? ಉಬ್ಬು ಅಲ್ಲಿಯವರೆಗೂ ಇಳಿದಿದ್ದರೆ ಕೆಲವೊಮ್ಮೆ ಮುಚ್ಚುತ್ತಾರೆ. ಆಗ ನಡೆಯುವಾಗ ಪೃಷ್ಠದಲ್ಲಿ ನೋವು ಬರಬಹುದು, ಗಂಡಸರಲ್ಲಿ ಲೈಂಗಿಕ ತೊಂದರೆ ಉಂಟಾಗಬಹುದು. ಕೇಳಲು ಮುಜುಗರವಾಗುವ ಪ್ರಶ್ನೆ ಇದು. ಆಮೇಲೆ ಕೇಳುವುದಕ್ಕಿಂತ ಈಗಲೇ ಕೇಳುವುದು ಮೇಲು.

ಐದನೆಯ ಹೆಜ್ಜೆ: ಆ ದಿನ ಒಳಗೆ ನಡೆಯುವುದೇನು?

ಪೂರ್ಣ ಅರಿವಳಿಕೆ, ಬೆನ್ನಿಗೆ ಚುಚ್ಚುವ ಅರಿವಳಿಕೆ ಅಥವಾ ತೊಡೆಸಂದನ್ನಷ್ಟೇ ಮರಗಟ್ಟಿಸುವ ಅರಿವಳಿಕೆ, ಮೂರರಲ್ಲಿ ಒಂದು. ಎರಡೂ ತೊಡೆಸಂದುಗಳಲ್ಲಿ ರಕ್ತನಾಳಕ್ಕೆ ಸೂಜಿ ಚುಚ್ಚಿ ದಾರಿ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ರಂಧ್ರವನ್ನು ಎಳೆದು ಕಟ್ಟುವ ಹೊಲಿಗೆಯನ್ನು ಶುರುವಿನಲ್ಲೇ ಹಾಕಿಟ್ಟುಕೊಳ್ಳುವುದು ಈಗಿನ ರೂಢಿ. ನಾಳದ ಗೋಡೆ ಸುಣ್ಣಗಟ್ಟಿದ್ದರೆ ಚಿಕ್ಕ ಗಾಯ ಮಾಡಿ ನಾಳವನ್ನು ನೇರವಾಗಿ ಹೊರತೋರಿಸಿಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ.

ಸ್ಟೆಂಟ್ ಗ್ರಾಫ್ಟ್ ಎಂದರೆ ಪಾಲಿಯೆಸ್ಟರ್ ಅಥವಾ ಪಿಟಿಎಫ್‌ಇ ಬಟ್ಟೆಯ ಕೊಳವೆ. ಅದಕ್ಕೆ ಲೋಹದ ಜಾಲರಿಯ ಆಧಾರ, ಬಹಳ ಸಲ ನಿಟಿನಾಲ್ ಎಂಬ ನಿಕ್ಕೆಲ್-ಟೈಟಾನಿಯಂ ಮಿಶ್ರಲೋಹದ್ದು. ಆಕಾರದಲ್ಲಿ ಅದು ಒಂದು ಕಾಲು ಉದ್ದ, ಇನ್ನೊಂದು ಕಾಲು ಮೋಟು ಇರುವ ಪ್ಯಾಂಟಿನಂತೆ. ಮಡಚಿ ತೆಳು ಕೊಳವೆಯೊಳಗೆ ಅಡಗಿಸಿದ ಅದನ್ನು ಗಟ್ಟಿ ತಂತಿಯ ಮೇಲೆ ಜಾರಿಸುತ್ತಾ ಮೇಲಕ್ಕೆ ಒಯ್ಯುತ್ತಾರೆ. ಎಕ್ಸ್‌ರೇ ಪರದೆಯ ಮೇಲೆ ಮೂತ್ರಪಿಂಡದ ನಾಳಗಳ ಬಾಯಿ ಎಲ್ಲಿದೆಯೆಂದು ಗುರುತಿಸಿ, ಅದರ ಕೆಳಗಂಚಿಗೆ ತಾಗುವಂತೆ ಬಟ್ಟೆಯ ಮೇಲಂಚನ್ನು ಬಿಚ್ಚುತ್ತಾರೆ. ಇಡೀ ಶಸ್ತ್ರಚಿಕಿತ್ಸೆಯ ಕುಶಲತೆ ಈ ಕೆಲವು ಮಿಲಿಮೀಟರ್‌ಗಳಲ್ಲಿದೆ. ಮೇಲಾದರೆ ಮೂತ್ರಪಿಂಡಕ್ಕೆ ರಕ್ತ ನಿಲ್ಲುತ್ತದೆ, ಕೆಳಗಾದರೆ ಹಿಡಿತ ಸಾಲದು.

ಮುಂದೆ, ಇನ್ನೊಂದು ತೊಡೆಸಂದಿನಿಂದ ತಂತಿ ತೂರಿಸಿ ಆ ಮೋಟು ಕಾಲಿನ ಬಾಯನ್ನು ಹುಡುಕಬೇಕು. ಕೆಲವೊಮ್ಮೆ ಹೆಚ್ಚು ಹೊತ್ತು ತಿನ್ನುವ ಭಾಗ ಇದೇ. ಸಿಕ್ಕ ಮೇಲೆ ಎರಡನೆಯ ಕಾಲನ್ನು ಜೋಡಿಸಿ, ಬಲೂನಿನಿಂದ ಸೇರುವೆಗಳನ್ನು ಒತ್ತಿ, ಕಾಂಟ್ರಾಸ್ಟ್ ಬಿಟ್ಟು ಕೊನೆಯ ಚಿತ್ರ ತೆಗೆಯುತ್ತಾರೆ. ರಕ್ತ ಬಟ್ಟೆಯ ಒಳಗಷ್ಟೇ ಹರಿಯುತ್ತಿದ್ದರೆ ಕೆಲಸ ಮುಗಿಯಿತು. ಉಬ್ಬನ್ನು ಯಾರೂ ತೆಗೆಯುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಅದರೊಳಗಿನ ಒತ್ತಡ ಮಾತ್ರ ಇಳಿಯುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಆರನೆಯ ಹೆಜ್ಜೆ: ಮೊದಲ ಕೆಲವು ವಾರಗಳು

ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು. ತೊಡಕಿಲ್ಲದಿದ್ದರೆ ಒಂದರಿಂದ ಮೂರು ದಿನಗಳಲ್ಲಿ ಮನೆಗೆ ಕಳುಹಿಸುವುದು ಸಾಮಾನ್ಯ. ಮೊದಲ ದಿನಗಳಲ್ಲಿ ಸಣ್ಣ ಜ್ವರ, ರಕ್ತದಲ್ಲಿ ಬಿಳಿ ಕಣಗಳ ಏರಿಕೆ ಕಾಣಿಸಿಕೊಂಡರೆ ಅದು ಗ್ರಾಫ್ಟ್‌ಗೆ ದೇಹ ತೋರುವ ಪ್ರತಿಕ್ರಿಯೆಯೂ ಆಗಿರಬಹುದು. ಸೋಂಕಲ್ಲವೆಂದು ವೈದ್ಯರೇ ಖಚಿತಪಡಿಸಬೇಕು. ತೊಡೆಸಂದು ಕಪ್ಪುನೀಲಿಯಾಗುವುದು ಸಹಜ, ಗೆಡ್ಡೆಯಂತೆ ಊದಿ ಬೆಳೆಯುವುದು ಸಹಜವಲ್ಲ. ಒಂದು ಕಾಲು ತಣ್ಣಗಾಗಿ, ಬಿಳಚಿಕೊಂಡು, ನಡೆದರೆ ಮೀನಖಂಡ ಹಿಡಿದುಕೊಂಡರೆ ಗ್ರಾಫ್ಟ್‌ನ ಆ ಕಾಲಿನಲ್ಲಿ ರಕ್ತ ಕಟ್ಟಿರಬಹುದು. ಬೆಳಗಿನವರೆಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಭಾರ ಎತ್ತುವುದು, ವಾಹನ ಓಡಿಸುವುದು ಯಾವಾಗಿನಿಂದ ಎಂದು ಬಿಡುಗಡೆಯ ದಿನವೇ ಕೇಳಿಕೊಳ್ಳಿ.

ಏಳನೆಯ ಹೆಜ್ಜೆ: ಮುಗಿಯದ ತಪಾಸಣೆ

ಒಂದು ತಿಂಗಳಿಗೆ ಸಿ.ಟಿ., ವರ್ಷಕ್ಕೆ ಇನ್ನೊಂದು, ಆಮೇಲೆ ಪ್ರತಿವರ್ಷ ಸಿ.ಟಿ. ಅಥವಾ ಡಾಪ್ಲರ್ ಅಲ್ಟ್ರಾಸೌಂಡ್ ಎಂಬುದು ಬಹುಕಾಲದ ಪದ್ಧತಿ. ಉಬ್ಬು ಕುಗ್ಗುತ್ತಿರುವವರಿಗೆ ವೈದ್ಯರು ಅಂತರ ಹೆಚ್ಚಿಸಬಹುದು. ಪ್ರತಿ ವರದಿಯಲ್ಲೂ ನೋಡಬೇಕಾದದ್ದು ಎರಡು: ಉಬ್ಬಿನ ಅಗಲ ಇಳಿಯುತ್ತಿದೆಯೇ, ಎಂಡೋಲೀಕ್ ಇದೆಯೇ.

ಎಂಡೋಲೀಕ್ ಎಂದರೆ ರಕ್ತ ಹೊರಗೆ ಸೋರುವುದಲ್ಲ, ಗ್ರಾಫ್ಟ್ ದಾಟಿ ಉಬ್ಬಿನೊಳಕ್ಕೆ ಮತ್ತೆ ನುಗ್ಗುವುದು. ಆ ಹೆಸರು ಕೇಳಿದೊಡನೆ ಎದೆಯೊಡೆದುಕೊಳ್ಳುವ ಮೊದಲು ಯಾವ ಬಗೆಯದೆಂದು ಕೇಳಿ. ಮೊದಲನೆಯ ಬಗೆಯಲ್ಲಿ ಗ್ರಾಫ್ಟ್‌ನ ತುದಿ ನಾಳಕ್ಕೆ ಸರಿಯಾಗಿ ಕೂತಿರುವುದಿಲ್ಲ. ಮೂರನೆಯದರಲ್ಲಿ ತುಂಡುಗಳು ಬೇರ್ಪಟ್ಟಿರುತ್ತವೆ ಅಥವಾ ಬಟ್ಟೆ ಹರಿದಿರುತ್ತದೆ. ಇವೆರಡರಲ್ಲೂ ಪೂರ್ಣ ಒತ್ತಡದ ರಕ್ತ ಉಬ್ಬಿನ ಮೇಲೆ ಬೀಳುತ್ತದೆ, ಸರಿಪಡಿಸಲೇಬೇಕು. ಎರಡನೆಯ ಬಗೆ ಎಲ್ಲಕ್ಕಿಂತ ಸಾಮಾನ್ಯ: ಬೆನ್ನಿನ, ಕರುಳಿನ ಸಣ್ಣ ನಾಳಗಳಿಂದ ರಕ್ತ ಹಿಮ್ಮುಖವಾಗಿ ಬಂದು ಸೇರುತ್ತದೆ. ಅನೇಕ ಸಲ ತಾನಾಗಿಯೇ ನಿಲ್ಲುತ್ತದೆ. ಉಬ್ಬು ಬೆಳೆಯದಿದ್ದರೆ ಸುಮ್ಮನೆ ಕಾಯುತ್ತಾರೆ, ಬೆಳೆದರೆ ಆ ನಾಳವನ್ನು ಕ್ಯಾಥೆಟರ್ ಮೂಲಕ ಮುಚ್ಚುತ್ತಾರೆ. ಬಟ್ಟೆಯ ರಂಧ್ರಗಳಿಂದ ಜಿನುಗುವ ನಾಲ್ಕನೆಯ ಬಗೆ ಇಂದಿನ ಗ್ರಾಫ್ಟ್‌ಗಳಲ್ಲಿ ಅಪರೂಪ. ಸೋರಿಕೆಯೇ ಕಾಣದೆ ಉಬ್ಬು ಮಾತ್ರ ಹಿಗ್ಗುವ ಐದನೆಯದು ತಜ್ಞರಿಗೂ ತಲೆನೋವು.

ಸಾಧನದ ಹೆಸರು, ಅಳತೆ, ಹಾಕಿದ ದಿನಾಂಕ ಇರುವ ಚೀಟಿಯನ್ನು ಪರ್ಸಿನಲ್ಲಿಡಿ, ಅದರ ಚಿತ್ರ ಮನೆಯವರ ಮೊಬೈಲ್‌ನಲ್ಲೂ ಇರಲಿ. ಎಂಆರ್‌ಐ ಮಾಡಿಸುವಾಗ ಅದನ್ನು ತೋರಿಸಿ. ಹಠಾತ್ತನೆ ಹೊಟ್ಟೆಯಲ್ಲೋ ಬೆನ್ನಲ್ಲೋ ಸೊಂಟದ ಪಕ್ಕದಲ್ಲೋ ತೀವ್ರ ನೋವು ಬಂದು, ಬೆವರಿ, ತಲೆ ಸುತ್ತಿ ಬಿದ್ದರೆ, ಗ್ರಾಫ್ಟ್ ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೂ ಸರಿ, ತುರ್ತು ವಾಹನ ಕರೆಸಿ ‘ಮಹಾಪಧಮನಿಯ ಅನ್ಯೂರಿಸಂ ಇರುವವರು’ ಎಂಬ ಮಾತನ್ನು ಮೊದಲು ಹೇಳಿ. ಇಂಥ ನೋವನ್ನು ಮೂತ್ರಪಿಂಡದ ಕಲ್ಲಿನದೆಂದು ತಪ್ಪು ತಿಳಿಯುವುದು ವೈದ್ಯಲೋಕದಲ್ಲಿ ಬಹಳ ಹಳೆಯ ಎಡವಟ್ಟು.

ಕೊನೆಯದಾಗಿ ಮನೆಯವರಿಗೆ ಸಂಬಂಧಿಸಿದ ಕೆಲಸವೊಂದು ಉಳಿಯುತ್ತದೆ. ಈ ಕಾಯಿಲೆ ಕುಟುಂಬಗಳಲ್ಲಿ ಹರಿದುಬರುವುದುಂಟು. ಅರವತ್ತೈದು ದಾಟಿದ, ಎಂದಾದರೂ ಧೂಮಪಾನ ಮಾಡಿದ್ದ ಗಂಡಸರಿಗೆ ಒಂದು ಸಲದ ಅಲ್ಟ್ರಾಸೌಂಡ್ ಮಾಡಿಸುವುದು ಹಲವು ಕಡೆ ಶಿಫಾರಸಿನಲ್ಲಿದೆ. ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ಮುಂದಿನ ಭೇಟಿಯಲ್ಲೇ ಕೇಳಿ. ಹತ್ತು ನಿಮಿಷದ ಪರೀಕ್ಷೆ, ಚುಚ್ಚುವುದೇನೂ ಇಲ್ಲ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆ.